ಹನ್ನೊಂದು ನೆತ್ತಿಯ ಮನೆ

ಕಂಪ್ಯೂಟರಿನ ಪರದೆಯ ಮೇಲೆ ಮನೆ ನಿಂತಿತ್ತು. ಗೋಡೆಗಳಿದ್ದವು, ಬಾಗಿಲುಗಳಿದ್ದವು, ಮುಂದಿನ ಪಡಸಾಲೆಗೆ ಕಂಬಗಳೂ ಇದ್ದವು. ಇಳಿಜಾರಿನ ಹೆಂಚಿನ ಚಾವಣಿಯೂ ಬಂದಿತ್ತು. ಆದರೆ ಅದರ ನಡುವೆ ಒಂದು ಮುಕ್ಕೋನದ ತೂತು. ಆ ತೂತಿನಿಂದ ಒಳಗಿನ ಹಾಸುಗಲ್ಲು ಕಾಣುತ್ತಿತ್ತು. ಮನೆಯನ್ನು ತಿರುಗಿಸಿ ಒಳಗಿನಿಂದ ನೋಡಿದರೆ ನೀಲಿ ಆಕಾಶ ಕಾಣುತ್ತಿತ್ತು.

ದುರ್ಗಕ್ಕ ಚಾವಣಿಯನ್ನು ಅಳಿಸಿದಳು. ಮತ್ತೆ ಹಾಕಿದಳು. ತೂತು ಮತ್ತೆ ಬಂತು. ಇಳಿಜಾರನ್ನು ಕಡಿಮೆ ಮಾಡಿದಳು. ತೂತು ಸಣ್ಣದಾಯಿತು, ಹೋಗಲಿಲ್ಲ. ಹೆಚ್ಚು ಮಾಡಿದಳು, ಅದು ದೊಡ್ಡದಾಯಿತು. ಮೌಸ್ ಅಲ್ಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ಮಗುಚಿ, ಒಳಗಿನ ಗುಂಡು ತೆಗೆದು, ಸೆರಗಿನಿಂದ ಕೆಂಪು ಧೂಳು ಒರೆಸಿ ಮತ್ತೆ ಹಾಕಿದಳು. ಅದಿರಿನ ಲಾರಿಗಳು ಸ್ಟೇಷನ್ ರೋಡಿನ ಮೇಲೆ ಓಡಾಡಲು ಶುರುವಾದ ಮೇಲೆ ಆ ಆಫೀಸಿನಲ್ಲಿ ಒರೆಸದೆ ಯಾವುದೂ ನಡೆಯುತ್ತಿರಲಿಲ್ಲ.

"ಬಂತೇನವಾ?" ಒಳಗಿನ ಕೋಣೆಯಿಂದ ಎಂಜಿನಿಯರ್ ನಾಗೇಂದ್ರಪ್ಪ ಕೇಳಿದರು.

"ಬರ್ತೈತ್ರಿ ಸರ."

"ನಿನ್ನೆನೂ ಬರಾಕತ್ತಿತ್ತು."

ಗುರುವಾರ ಆ ಮನೆ ಕಟ್ಟಿಸುತ್ತಿದ್ದ ಸಂಡೂರಿನ ದೊಡ್ಡಬಸಪ್ಪ ಬಂದು ಚಾವಣಿಯನ್ನು ನೋಡುವವರಿದ್ದರು. ನಾಗೇಂದ್ರಪ್ಪ ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. ಸೋಮವಾರ ಅವಳ ಕುರ್ಚಿಯ ಪಕ್ಕಕ್ಕೆ ಬಂದು ನಿಂತು, ಪರದೆಯನ್ನು ನೋಡುತ್ತಲೇ ಹೇಳಿದ್ದರು: "ನೋಡು ದುರ್ಗಕ್ಕ, ಗುರುವಾರ ತೋರ್ಸಾಕ ಆಗಲಿಲ್ಲ ಅಂದ್ರ ಬಳ್ಳಾರಿ ಕಂಪ್ಯೂಟರ್ ಹುಡುಗರಿಗೆ ಕೊಡಬೇಕಾಗ್ತೈತಿ. ಅವರಿಗೆ ಮಾತಾಡೀನಿ, ಸಾವ್ಕಾರ್ರಿಗೂ ಹೇಳೀನಿ. ಒಮ್ಮೆ ಕೊಟ್ಟರ ಎಲ್ಲಾ ನಕ್ಷೆನೂ ಅಲ್ಲಿಗೇ ಹೋಗ್ತಾವ. ಆಮ್ಯಾಲೆ ಇಲ್ಲಿ ನಿನ್ನ ಕುಂದ್ರಿಸಿಕೊಂಡು ನಾ ಏನು ಮಾಡ್ಲಿ, ನೀನಾ ಹೇಳು."

ನಕ್ಷೆ ಬಿಟ್ಟು ಬೇರೆ ಏನು ಮಾಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ.

ದುರ್ಗಕ್ಕ ಹುಟ್ಟಿದ್ದು ಕಂಪ್ಲಿಯಲ್ಲಿ. ತಾಯಿ ಮುದುಕಮ್ಮ ಮಳೆಗಾಲಕ್ಕೆ ಮುಂಚೆ ಊರವರ ಮಾಳಿಗೆಗಳ ಮೇಲೆ ಸೋರದ ಹಾಗೆ ಚೌಳುಮಣ್ಣು ಹೊತ್ತು ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಜೊತೆಗೆ ಏಣಿ ಹತ್ತಿ ಮೇಲೆ ಕೂತು ಊರನ್ನು ನೋಡುತ್ತಿದ್ದಳು. ಮೇಲಿನಿಂದ ಮನೆಗಳೆಲ್ಲ ಚೌಕಗಳು, ಓಣಿಗಳೆಲ್ಲ ಗೆರೆಗಳು. ಸ್ಲೇಟಿನ ಮೇಲೆ ಅವನ್ನೇ ಬರೆಯುತ್ತಿದ್ದಳು. ಹತ್ತನೇ ತರಗತಿ ಆದಮೇಲೆ ಒಬ್ಬ ಮೇಷ್ಟ್ರು ಐಟಿಐಗೆ ಸೇರಿಸಿದರು. ಕಟ್ಟಡದ ನಕ್ಷೆ ಕಲಿಸುವ ಆ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ಅವಳೊಬ್ಬಳೇ. ಅಲ್ಲಿಂದ ನೇರವಾಗಿ ಹೊಸಪೇಟೆಯ ನಾಗೇಂದ್ರಪ್ಪನವರ ಆಫೀಸಿಗೆ ಬಂದಳು, ಮತ್ತೆಲ್ಲೂ ಹೋಗಲಿಲ್ಲ. ಟಿ.ಬಿ. ಡ್ಯಾಂ ಹತ್ತಿರ ಒಂದು ಸಣ್ಣ ಮನೆ ಮಾಡಿ ತಾಯಿಯನ್ನು ಕರೆತಂದಳು. ಮದುವೆ ಎರಡು ಸಲ ಮಾತಿಗೆ ಬಂದು ನಿಂತುಹೋಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳ ಕೈ ನಿಧಾನ, ಆದರೆ ನೆಟ್ಟಗೆ. ಶಾಯಿ ಪೆನ್ನಿನಿಂದ ಎಳೆದ ಗೆರೆ ಎಲ್ಲಿ ಶುರುವಾಯಿತೋ ಎಲ್ಲಿ ಮುಗಿಯಿತೋ ಎರಡೂ ಕಡೆ ಒಂದೇ ದಪ್ಪ. ಹೊಸಪೇಟೆಯ ಹೊಸ ಬಡಾವಣೆಗಳಲ್ಲಿ ಅರ್ಧ ಮನೆಗಳು ಮೊದಲು ಅವಳ ಮೇಜಿನ ಮೇಲೆ ಹುಟ್ಟಿದವು. ಆ ಮನೆಗಳಿಗೆಲ್ಲ ಚಾವಣಿ ಎಂಬುದು ಒಂದು ಚೌಕ: ನಾಲ್ಕು ಗೆರೆ, ನೀರು ಹೋಗುವ ಕಡೆಗೆ ಒಂದು ಬಾಣ. ಬಿಸಿಲಿನ ಸೀಮೆ, ಮಳೆ ಬಂದರೂ ನಾಲ್ಕು ದಿನ. ಇಳಿಜಾರು ಯಾರಿಗೆ ಬೇಕಿತ್ತು?

ಬೇಕಾದದ್ದು ದೊಡ್ಡಬಸಪ್ಪನವರಿಗೆ. ಅವರು ಒಂದು ಕಾಲಕ್ಕೆ ಒಂದೇ ಲಾರಿ ಓಡಿಸುತ್ತಿದ್ದವರು. ಈಗ ಅವರ ಲಾರಿಗಳು ಎಷ್ಟಿವೆ ಎಂದು ಕೇಳಿದರೆ ಅವರ ಗುಮಾಸ್ತನೂ ತಡೆದು ಹೇಳಬೇಕು. ಅದಿರು ಕೊಳ್ಳುವವರು ಅವರನ್ನು ಚೀನಾಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಉಳಿದುಕೊಂಡ ಹೋಟೆಲಿನ ಫೋಟೋ ಹಿಡಿದುಕೊಂಡು ಬಂದು, ಇಂಥದ್ದೇ ಮೇಲ್ಭಾಗ ಬೇಕು ಎಂದರು. ಅಷ್ಟರಲ್ಲಿ ದುರ್ಗಕ್ಕನ ಮಾಮೂಲಿ ನಕ್ಷೆಯಂತೆ ಗೋಡೆಗಳು ಎದ್ದಿದ್ದವು.

ಫೋಟೋದಲ್ಲಿ ಚಾವಣಿಯ ಮೇಲೆ ಚಾವಣಿ, ಅದಕ್ಕೆ ಅಡ್ಡ ಇನ್ನೊಂದು ಚಾವಣಿ. ಎರಡು ಇಳಿಜಾರು ಮೇಲೆ ಕೂಡುವ ನೆತ್ತಿಗಳನ್ನು ದುರ್ಗಕ್ಕ ಬೆರಳಿನಿಂದ ಎಣಿಸಿದ್ದಳು. "ಹನ್ನೊಂದು ಅದಾವ್ರಿ ಸಾವ್ಕಾರ್ರ."

"ಏಕಾದಶ ರುದ್ರರು! ಇನ್ನೇನು ಬೇಕು? ಒಂದೂ ಕಡಿಮಿ ಆಗಬಾರ್ದು ನೋಡವಾ."

ಹೊಸ ಕಂಪ್ಯೂಟರು, ಮನೆ ಕಟ್ಟಿ ತೋರಿಸುವ ಒಂದು ಸಿ.ಡಿ. ಬಂದದ್ದು ಆ ಚಾವಣಿಗಾಗಿಯೇ. ಸಿ.ಡಿ. ಡಬ್ಬಿಯ ಮೇಲೆ ನಗುವ ಗಂಡಹೆಂಡಿರ ಚಿತ್ರವಿತ್ತು. ಒಂದು ಗುಂಡಿ ಒತ್ತಿದರೆ ಚಾವಣಿ ತಾನೇ ಬರುತ್ತದೆ ಎಂದು ಬರೆದಿತ್ತು. ದುರ್ಗಕ್ಕ ತನ್ನ ಕೈನಕ್ಷೆಯನ್ನು ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ಅದರ ಗೆರೆಗಳ ಮೇಲೆಯೇ ಗೋಡೆಗಳನ್ನು ಎಳೆದಳು. ಗುಂಡಿ ಒತ್ತಿದಳು. ಚಾವಣಿ ತಾನೇ ಬಂತು, ತೂತಿನ ಸಮೇತ.

ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಸಿಕ್ಕಿದ. ಎಲ್ಲವನ್ನೂ ಕೇಳಿಸಿಕೊಂಡು, "ಮೇಡಂ, ಗೋಡೆಗಳೆಲ್ಲ ನೈಂಟಿ ಡಿಗ್ರಿ ಇದಾವಾ?" ಎಂದ.

ದುರ್ಗಕ್ಕನಿಗೆ ಸ್ವಲ್ಪ ಸಿಟ್ಟೇ ಬಂತು. "ಇಪ್ಪತ್ತು ವರ್ಷದಿಂದ ನಕ್ಷೆ ಬರಿಯಾಕತ್ತೀನ್ರಿ. ಗೋಡಿ ಮೂಲಮಟ್ಟಕ್ಕಾ ಇರ್ತಾವ."

"ಹಾಗಾದ್ರೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ" ಎಂದು ಅವನು ಫೋನಿಟ್ಟ. ಹಾಗೇ ಮಾಡಿದಳು. ತೂತು ಇದ್ದಲ್ಲೇ ಇತ್ತು.

ಮಂಗಳವಾರ ಕೆಲಸ ಮುಗಿಸಿ ಬರುವಾಗ ಸೀರೆ ಅಂಗಡಿಯಲ್ಲಿ ಎರಡು ಖಾಲಿ ರಟ್ಟಿನ ಡಬ್ಬಿ ಕೇಳಿ ತಂದಳು. ಕಂಪ್ಯೂಟರು ತನ್ನ ಮಾತು ಕೇಳದಿದ್ದರೆ ಕತ್ತರಿಯಾದರೂ ಕೇಳೀತು ಎಂಬುದಷ್ಟೇ ಅವಳ ಲೆಕ್ಕ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ ಹಿಡಿದು, ನಕ್ಷೆಯನ್ನು ರಟ್ಟಿನ ಮೇಲಿಟ್ಟು ಗೋಡೆಗಳನ್ನು ಕತ್ತರಿಸಿ ಅಂಟಿಸಿದಳು. ಚಾವಣಿಯ ತುಂಡುಗಳನ್ನು ಮಾತ್ರ ನಕ್ಷೆ ನೋಡದೆ, ಉದ್ದ ಅಗಲದ ಲೆಕ್ಕ ಹಾಕಿ ಕತ್ತರಿಸಿದಳು.

ಮುದುಕಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. "ಗೊಂಬಿ ಮದುವಿ ಐತೇನ? ನಮಗೂ ಊಟಕ್ಕ ಹೇಳವಾ."

"ಸುಮ್ಮಕಿರಬೇ. ನನ್ನ ನೌಕರಿ ಹೋಗಾಕತ್ತೈತಿ."

ಮುದುಕಮ್ಮ ಮೊರ ಬದಿಗಿಟ್ಟಳು. ಎದ್ದು ದೀಪದ ಗುಂಡಿ ಒತ್ತಿ, ಮಗಳ ಪಕ್ಕದಲ್ಲಿ ಒಂದು ಲೋಟ ಚಹಾ ಇಟ್ಟು ಹೋದಳು.

ಚಾವಣಿಯ ತುಂಡುಗಳು ಒಂದೊಂದಾಗಿ ಕೂತವು. ಕೊನೆಯದು ಕೂರಲಿಲ್ಲ. ಒಂದು ಮೂಲೆಯಲ್ಲಿ ಜೋಳದ ಕಾಳಿನಷ್ಟು ಗೋಡೆ ಹೊರಗೆ ಉಳಿಯಿತು. ಕೈ ತಪ್ಪಿರಬೇಕೆಂದು ಇನ್ನೊಂದು ತುಂಡು ಕತ್ತರಿಸಿದಳು. ಅದೇ ಮೂಲೆ, ಅಷ್ಟೇ ಕಾಳು. ಕೈ ತಪ್ಪಿದರೆ ಒಂದು ಸಲ ಒಳಗೆ, ಒಂದು ಸಲ ಹೊರಗೆ ತಪ್ಪಬೇಕು. ಪ್ರತಿ ಸಲ ಒಂದೇ ಕಡೆ ತಪ್ಪುವುದು ಕೈಯ ತಪ್ಪಲ್ಲ. ರಟ್ಟಿನ ಮನೆಯನ್ನು ನೆಲದ ಮೇಲೆ ನಿಧಾನವಾಗಿ ತಿರುಗಿಸಿದಳು. ಅದು ದೇವರಕೋಣೆಯ ಮೂಲೆ. ಈಶಾನ್ಯ.

ದುರ್ಗಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು.

ಆ ಸೀಮೆಯಲ್ಲಿ ಈಶಾನ್ಯದ ಮೂಲೆ ತುಸು ಬೆಳೆದಿರಬೇಕು. ಪಡುವಣ ಗೋಡೆಗಿಂತ ಮೂಡಣ ಗೋಡೆ ನಾಲ್ಕು ಇಂಚು ಉದ್ದ. ಬಡಗಣ ಗೋಡೆ ಕಣ್ಣಿಗೆ ಕಾಣದಷ್ಟು ಓರೆ. ಈಶಾನ್ಯ ಬೆಳೆದರೆ ಮನೆ ಬೆಳೆಯುತ್ತದೆ, ಕಡಿಮೆಯಾದರೆ ಮನೆತನ ಕಡಿಮೆಯಾಗುತ್ತದೆ. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಕಾಗದದ ಮೇಲೆ ಅಳತೆ ಹಾಕುವುದೂ ಇಲ್ಲ. ಅನ್ನಕ್ಕೆ ಉಪ್ಪು ಹಾಕಿದಂತೆ ಹಾಕುತ್ತಾರೆ. ಮಟ್ಟಸ ಚಾವಣಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ದುರ್ಗಕ್ಕ ತಾನು ಬರೆದ ಪ್ರತಿ ಮನೆಗೂ ನಾಲ್ಕು ಇಂಚು ಕೊಟ್ಟಿದ್ದಳು. ಕೊಡುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಫೋನಿನಲ್ಲಿ ಮೂಲಮಟ್ಟ ಎಂದು ಹೇಳಿದಾಗ ಅವಳು ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದೇ ಮೂಲಮಟ್ಟ.

ಕಂಪ್ಯೂಟರಿಗೆ ಆ ಶಾಸ್ತ್ರ ಗೊತ್ತಿಲ್ಲ. ಓರೆ ಗೋಡೆಯ ಮೇಲೆ ಒಂದೇ ಇಳಿಜಾರಿನ ಚಾವಣಿ ಇಟ್ಟರೆ ನೆತ್ತಿ ಒಂದು ಕಡೆಗೆ ಏರುತ್ತದೆ. ಏರಿದ ನೆತ್ತಿಗೆ ಅಡ್ಡ ಬರುವ ಚಾವಣಿಗಳು ಎಟುಕುವುದಿಲ್ಲ. ಎಟುಕದ ಜಾಗವೇ ತೂತು.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೋಗದೆ ಸಂಡೂರಿನ ಬಸ್ಸು ಹಿಡಿದಳು. ನೆಲದ ಮೇಲೆ ಇರುವುದೂ ನಾಲ್ಕೇ ಇಂಚೋ ಎಂದು ನೋಡಬೇಕಿತ್ತು. ಮೇಸ್ತ್ರಿ ಪಕ್ಕೀರಪ್ಪ ಟೇಪಿನ ಒಂದು ತುದಿ ಹಿಡಿದ, ಅವಳು ಇನ್ನೊಂದು. ಪಡುವಣ ಅಳೆದರು, ಮೂಡಣ ಅಳೆದರು. ಎಂಟು ಇಂಚು.

"ಎಂಟು ಹೆಂಗಾತು ಮೇಸ್ತ್ರಿ? ನಾ ಕೊಟ್ಟಿದ್ದು ನಾಲ್ಕು."

"ನೀ ನಾಲ್ಕು ಕೊಟ್ಟಿದ್ಯಾ?" ಪಕ್ಕೀರಪ್ಪ ಬೆರಗಾದ. "ನಕ್ಷೆ ಬರಿಯೋರಿಗೆ ಇದೆಲ್ಲಾ ಏನು ಗೊತ್ತಿರ್ತೈತಿ ಅಂತ ನಾನೂ ಒಂದೆರಡು ಹಾಕಿದ್ದೆ. ಎಲ್ಲಾ ಮನಿಗೂ ಹಾಕ್ತೀನಿ."

"ಎಲ್ಲಾ ಮನಿಗೂ?"

"ಪುಣ್ಯದ ಕೆಲಸ ಅಕ್ಕ."

"ಆರಾತು. ಇನ್ನೆರಡು?"

ಪಕ್ಕೀರಪ್ಪ ಟೇಪು ಸುತ್ತುತ್ತ ಎದುರಿನ ಕೆಂಪು ಗುಡ್ಡ ನೋಡಿದ. "ಅದೊಂದು ನನ್ನ ಕೇಳಬ್ಯಾಡ."

ಮಧ್ಯಾಹ್ನ ಆಫೀಸಿಗೆ ಬಂದವಳು ಮೊದಲು ಮಾಡಿದ್ದು ಒಂದೇ ಕೆಲಸ: ಪರದೆಯ ಮೇಲಿನ ಬಡಗಣ ಗೋಡೆಯನ್ನು ನೆಟ್ಟಗೆ ಮಾಡಿ ಗುಂಡಿ ಒತ್ತಿದಳು. ಹನ್ನೊಂದು ನೆತ್ತಿಗಳೂ ಒಂದೇ ಉಸಿರಿಗೆ ಎದ್ದು ನಿಂತವು. ಎಲ್ಲಿಯೂ ತೂತಿರಲಿಲ್ಲ. ಕೆಂಪು ಹೆಂಚು ಚೀನಾದ ಹೋಟೆಲಿನಂತೆಯೇ ಹೊಳೆಯುತ್ತಿತ್ತು.

ನಾಗೇಂದ್ರಪ್ಪ ಒಳಗಿನಿಂದ ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದಾ! ಇದಾ ನೋಡು! ಪ್ರಿಂಟ್ ತೆಗಿ, ದೊಡ್ಡ ಹಾಳಿ ಮ್ಯಾಲೆ ತೆಗಿ."

"ಇದು ಸುಳ್ಳು ಸರ" ಎಂದಳು ದುರ್ಗಕ್ಕ. ಎಲ್ಲವನ್ನೂ ಹೇಳಿದಳು.

ಅವರು ಅವಳ ಹಳೆಯ ನಕ್ಷೆಮೇಜಿನ ಅಂಚಿಗೆ ಕೂತರು. "ಈಶಾನ್ಯ ಕತ್ತರಿಸ್ರಿ ಅಂತ ಆ ಮನುಷ್ಯಾಗ ನಾ ಹೇಳ್ಲೇನು? ಹೇಳಿ ಈ ಊರಾಗ ಮತ್ತೊಂದು ಮನಿ ಕಟ್ಟೀನೇನು?" ಅವರ ದನಿ ಇಳಿಯಿತು. "ಈ ಚಿತ್ರಾನಾ ತೋರ್ಸು ದುರ್ಗಕ್ಕ. ನಿನಗೂ ಚಲೋ, ನನಗೂ ಚಲೋ. ಕಟ್ಟೋವಾಗ ನೋಡೋಣು."

ಅವರು ಕೆಟ್ಟವರಲ್ಲ. ಅವರಿಗೂ ದಾರಿ ಕಂಡಿರಲಿಲ್ಲ. ಆದರೆ ಕಟ್ಟುವಾಗ ಏನಾಗುತ್ತದೆಂದು ದುರ್ಗಕ್ಕನಿಗೆ ಈಗ ರಟ್ಟಿನಲ್ಲಿ ಕಂಡಿತ್ತು. ಬಡಗಿ ಮರ ಕೂಡಿಸಲಾಗದೆ ಸಿಮೆಂಟು ಮೆತ್ತುತ್ತಾನೆ. ಎರಡು ಇಳಿಜಾರು ಕೂಡುವ ತಗ್ಗಿನಲ್ಲಿ ಮೊದಲ ಮಳೆಗೇ ನೀರು ನಿಲ್ಲುತ್ತದೆ, ಸರಿಯಾಗಿ ದೇವರಕೋಣೆಯ ಮೇಲೆ. ಚಿತ್ರ ತೋರಿಸಿದರೆ ಕುರ್ಚಿ ಉಳಿಯುತ್ತದೆ. ತೋರಿಸದಿದ್ದರೆ ನಾಳೆಗೆ ಎಲ್ಲ ಮುಗಿಯುತ್ತದೆ. ಪ್ರಿಂಟ್ ತೆಗೆದಳು. ಸುರುಳಿ ಸುತ್ತಿ ಮೇಜಿನ ಮೇಲಿಟ್ಟಳು. ಮನೆಗೆ ಹೋಗಿ ಉಣ್ಣದೆ ಮಲಗಿದಳು.

ಗುರುವಾರ ದೊಡ್ಡಬಸಪ್ಪ ಹೆಂಡತಿ ಜಂಬಕ್ಕನನ್ನೂ ಕರೆದುಕೊಂಡು ಬಂದರು. ಮೆಟ್ಟಿಲು ಹತ್ತುವಾಗಲೇ ಅವರ ಮಾತು ಕೇಳುತ್ತಿತ್ತು. ಕುರ್ಚಿ ಎಳೆದು ಕೂತರು. "ಎಲ್ಲೈತಿ ತೋರ್ಸವಾ ನನ್ನ ಅರಮನಿ."

ನಾಗೇಂದ್ರಪ್ಪ ಸುರುಳಿಯ ಕಡೆ ಕಣ್ಣು ಮಾಡಿದರು. ದುರ್ಗಕ್ಕನ ಕೈ ಅದರ ಮೇಲೆ ಹೋಯಿತು. ಬಿಚ್ಚಲಿಲ್ಲ.

"ಸಾವ್ಕಾರ್ರ, ಮನಿ ಮ್ಯಾಲೆ ಈ ಚಾವಣಿ ಕೂಡವಲ್ದು. ಈಶಾನ್ಯ ಬೆಳೆದೈತ್ರಿ."

"ಅಂದ್ರ? ನನ್ನ ಮನಿ ಸೊಟ್ಟ ಐತೇನು?"

"ಸೊಟ್ಟ ಅಲ್ರಿ. ಬೆಳೆದೈತಿ."

"ಎಷ್ಟು?"

"ಎಂಟಿಂಚು."

ದೊಡ್ಡಬಸಪ್ಪ ನಾಗೇಂದ್ರಪ್ಪನವರ ಕಡೆ ತಿರುಗಿದರು. ಅವರ ಕುತ್ತಿಗೆ ಕೆಂಪಾಗಿತ್ತು. "ಎಂಟಿಂಚು ಯಾರು ಬೆಳೆಸು ಅಂದ್ರ ನಿಮಗ? ನನ್ನ ಕೇಳಿದ್ರೇನು?"

ನಾಗೇಂದ್ರಪ್ಪ ಬಾಯಿ ತೆರೆಯುವ ಮೊದಲೇ ದುರ್ಗಕ್ಕ ಹೇಳಿದಳು: "ನಾಲ್ಕು ನಂದ್ರಿ. ನಿಮ್ಮನ್ನ ಕೇಳದ ಹಾಕಿದ್ದು ನನ್ನ ತಪ್ಪು. ಎರಡು ಮೇಸ್ತ್ರಿದು. ಇನ್ನೆರಡು ಯಾರ್ದು ಗೊತ್ತಿಲ್ರಿ."

ಜಂಬಕ್ಕ ಸೆರಗು ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು. "ಅದು ನಂದು" ಎಂದರು. "ಪೂಜಿ ದಿನಾ ಮೇಸ್ತ್ರಿಗೆ ಹೇಳಿದ್ದೆ. ಇವರಿಗೆ ಹೇಳಬ್ಯಾಡಪಾ ಅಂದಿದ್ದೆ."

"ನೀನೂ?"

"ಮತ್ತ? ನಮ್ಮ ಅಕ್ಕನ ಮನ್ಯಾಗ ಆರು ಬೆಳೆದೈತಿ. ನಮ್ದು ಕಡಿಮಿ ಇರಬೇಕೇನು?"

ದೊಡ್ಡಬಸಪ್ಪ ಒಂದು ಕ್ಷಣ ಹೆಂಡತಿಯನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ನಗು ನಿಂತ ಮೇಲೆ ಎದ್ದರು. "ನೋಡ್ರಿ ಎಂಜಿನಿಯರ್ರ. ನೆತ್ತಿನೂ ಕಡಿಮಿ ಆಗಬಾರ್ದು, ಈಶಾನ್ಯಾನೂ ಕಡಿಮಿ ಆಗಬಾರ್ದು. ನಾವು ಹಂಪಿಗೆ ಹೋಗಿ ವಿರೂಪಾಕ್ಷನ್ನ ನೋಡ್ಕೊಂಡು ಬರ್ತೀವಿ. ಬರೋದ್ರಾಗ ಕೂಡಿದ್ರ ಸರಿ. ಇಲ್ಲಾಂದ್ರ ಆ ಬಳ್ಳಾರಿಯವರನ್ನ ನಾನಾ ನೋಡ್ತೀನಿ."

ಅವರ ಗಾಡಿಯ ಸದ್ದು ಅಡಗಿತು. ನಾಗೇಂದ್ರಪ್ಪ ಅವಳ ಮೇಲೆ ರೇಗಲಿಲ್ಲ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. "ಗೋಡಿ ಓರೆ ಇರ್ಲಿ. ಗೋಡಿ ಮ್ಯಾಲೆ ಹೆಂಚು ಬ್ಯಾಡ. ಮೊದ್ಲು ಒಂದು ಸ್ಲ್ಯಾಬ್ ಹಾಕೋಣು, ಸುತ್ತ ಗೋಡಿಯಿಂದ ಹೊರಗ ಎರಡಡಿ ಸಜ್ಜಾ ಬಿಟ್ಟು."

"ಸಜ್ಜಾನೂ ಗೋಡಿ ಜೊತಿಗೆ ಓರೆ ಆಗ್ತೈತಲ್ರಿ ಸರ." ಹೇಳಿ ಮುಗಿಸುವಾಗಲೇ ಅವಳಿಗೆ ಹೊಳೆಯಿತು. "ಹೊರಗಿನ ಅಂಚು ಗೋಡಿ ಮಾತು ಕೇಳಬಾರ್ದು. ಅಂಚು ಮೂಲಮಟ್ಟಕ್ಕ ಎಳೀತೀನಿ. ಬಡಗಣ ಗೋಡಿ ಪಡುವಣ ತುದಿಗೆ ಎರಡಡಿ. ಈಶಾನ್ಯಕ್ಕ ಒಂದಡಿ ನಾಲ್ಕಿಂಚು ಉಳೀತೈತಿ."

"ಸಾಕು. ಅಷ್ಟು ಸಾಕು."

ಪರದೆಯ ಮೇಲಿನ ಬಡಗಣ ಗೋಡೆಯನ್ನು ಅವಳು ಎಂಟಿಂಚು ಓರೆ ಮಾಡಿದಳು. ಆದರೆ ಕಂಪ್ಯೂಟರಿನ ಚಾವಣಿ ಗೋಡೆಯನ್ನು ಬಿಡುತ್ತಿರಲಿಲ್ಲ. ಸ್ಲ್ಯಾಬ್ ಎಳೆದರೂ ಅದು ಕೆಳಗಿನ ಓರೆ ಗೋಡೆಯನ್ನೇ ಹುಡುಕಿಕೊಂಡು ಹೋಗಿ ಕೂತಿತು. ಅಳಿಸಿದಳು. ಮತ್ತೆ ಹಾಕಿದಳು, ಈ ಸಲ ಚಾವಣಿ ನೆಲಕ್ಕೇ ಇಳಿದುಬಿಟ್ಟಿತು, ಮನೆ ಅದರೊಳಗಿಂದ ತಲೆ ಹೊರಗೆ ಹಾಕಿತ್ತು. ನಾಗೇಂದ್ರಪ್ಪ ಕಣ್ಣು ಮುಚ್ಚಿಕೊಂಡರು. ಇದಕ್ಕೆ ಗೋಡೆಯೇ ಬೇಕು ಅಂದರೆ ಗೋಡೆಯನ್ನೇ ಕೊಡೋಣ ಎಂದುಕೊಂಡಳು ದುರ್ಗಕ್ಕ. ಸ್ಲ್ಯಾಬಿನ ಮೇಲೆ ಇನ್ನೊಂದು ಮಹಡಿ ಇದೆಯೆಂದು ಕಂಪ್ಯೂಟರಿಗೆ ಹೇಳಿ, ಅಂಚಿನುದ್ದಕ್ಕೂ ಒಂದೊಂದು ಇಂಚು ಎತ್ತರದ ಗೋಡೆಗಳನ್ನು ಎಳೆದಳು. ಕಣ್ಣಿಗೆ ಕಾಣದ, ಯಾರೂ ಕಟ್ಟದ, ನೆಟ್ಟಗಿನ ಗೋಡೆಗಳು. ಗುಂಡಿ ಒತ್ತಿದಳು.

ನಡುವಿನ ನೆತ್ತಿ ಎದ್ದಿತು. ಅದರ ಎರಡು ತುದಿಗಳ ಎತ್ತರ ನೋಡಿದಳು; ಒಂದೇ ಇತ್ತು. ಅಡ್ಡ ಚಾವಣಿಗಳು ಒಂದೊಂದಾಗಿ ಬಂದು ಅದಕ್ಕೆ ತಾಗಿದವು. ಮನೆಯನ್ನು ತಿರುಗಿಸಿ ಒಳಗಿನಿಂದ ನೋಡಿದಳು. ಕತ್ತಲೆ. ಎಲ್ಲ ಕಡೆ ಒಳ್ಳೆಯ ಕತ್ತಲೆ.

ನಾಗೇಂದ್ರಪ್ಪ ಎದ್ದು ಹೋಗಿ ಹೂಜಿಯಿಂದ ಒಂದು ಲೋಟ ನೀರು ತಂದು ಅವಳ ಮುಂದಿಟ್ಟರು.

ದಂಪತಿಗಳು ಹಣೆಗೆ ವಿಭೂತಿ ಕುಂಕುಮ ಹಚ್ಚಿಕೊಂಡು ಬಂದರು. ಪರದೆಯ ಮೇಲೆ ಮನೆ ತಿರುಗಿತು. ದೊಡ್ಡಬಸಪ್ಪ ನೆತ್ತಿಗಳನ್ನು ಗಟ್ಟಿಯಾಗಿ ಎಣಿಸಿದರು, ಜಂಬಕ್ಕನ ಕೈಯಲ್ಲೂ ಎಣಿಕೆ ಮಾಡಿಸಿದರು. ಆಮೇಲೆ ಮುಂದಕ್ಕೆ ಬಾಗಿದರು. ಲಾರಿಯ ಹೊರೆ ಒಂದು ಕಡೆ ವಾಲಿದರೆ ದೂರದಿಂದಲೇ ಕಾಣುವ ಕಣ್ಣು ಅವರದು.

"ಇಲ್ಲಿ ಸಜ್ಜಾ ಒಂದು ಕಡಿ ಅಗಲ, ಒಂದು ಕಡಿ ಸಣ್ಣದು. ಕೆಳಗ ನಿಂತೋರಿಗೆ ಕಾಣ್ತೈತಲ್ಲ?"

ದುರ್ಗಕ್ಕನಿಗೆ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಕಾಣ್ತೈತ್ರಿ. ಗೋಡಿ ಈಶಾನ್ಯಕ್ಕ ಹೊರಗ ಬಂದದ್ದು ಅಲ್ಲಿ ಗೊತ್ತಾಗ್ತೈತಿ."

"ಅಂದ್ರ ಬಂದೋರಿಗೆಲ್ಲಾ ನಮ್ಮ ಈಶಾನ್ಯ ಬೆಳೆದದ್ದು ಕಾಣ್ತೈತಿ?"

"ಹೌದ್ರಿ."

ದೊಡ್ಡಬಸಪ್ಪ ಹೆಂಡತಿಯ ಮುಖ ನೋಡಿದರು. ಜಂಬಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು, ಕಣ್ಣು ಮಾತ್ರ ನಗುತ್ತಿತ್ತು. ಅಕ್ಕನ ಮನೆಯ ಆರು ಇಂಚು ಯಾರಿಗೂ ಕಾಣುತ್ತಿರಲಿಲ್ಲ.

"ಇರ್ಲಿ ಬಿಡು" ಎಂದರು ದೊಡ್ಡಬಸಪ್ಪ. "ಬೆಳೆದದ್ದು ಕಾಣಬೇಕು. ಹಿಂಗಾ ಕಟ್ರಿ."

ಅವರು ಹೋದ ಮೇಲೆ ನಾಗೇಂದ್ರಪ್ಪ ಫೋನಿನ ಮೇಲೆ ಕೈ ಇಟ್ಟುಕೊಂಡು ನಿಂತರು. "ಬಳ್ಳಾರಿಯವರು ಹಾದಿ ಕಾಯ್ತಿರ್ತಾರ. ಏನಂತ ಹೇಳ್ಲಿ?"

"ಕಾಯಬ್ಯಾಡ್ರಿ ಅಂತ ಹೇಳ್ರಿ ಸರ" ಎಂದಳು ದುರ್ಗಕ್ಕ.

ಅವರು ನಂಬರು ತಿರುಗಿಸುವಷ್ಟರಲ್ಲಿ ಅವಳು ಪಕ್ಕೀರಪ್ಪನಿಗೆ ಕಳಿಸಬೇಕಾದ ನಕ್ಷೆಯನ್ನು ತೆರೆದಿದ್ದಳು. ಮೂಡಣ ಗೋಡೆಯ ಪಕ್ಕದಲ್ಲಿ ಅಳತೆ ಬರೆದಳು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಈಶಾನ್ಯಕ್ಕೆ ಇನ್ನು ಯಾರೂ ಏನನ್ನೂ ಸೇರಿಸಬಾರದು ಎಂದು ಬರೆದಳು. ಅವನು ಓದುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಶನಿವಾರ ಸ್ಲ್ಯಾಬಿನ ಅಂಚಿಗೆ ದಾರ ಕಟ್ಟುವಾಗ ತಾನೇ ಸಂಡೂರಿಗೆ ಹೋಗಿ ನಿಲ್ಲಬೇಕು.